ಮುಟ್ಟು ನಿಂತ ಮೇಲೆ ಹಲ್ಲು ಹುಳುಕಾಗುವುದಕ್ಕೂ ಮೂಳೆ ಸವೆಯುವುದಕ್ಕೂ ಏನು ಸಂಬಂಧ?

"ಮೈಯಲ್ಲಿ ಕ್ಯಾಲ್ಸಿಯಂ ಇಲ್ಲ, ಅದಕ್ಕೇ ಹಲ್ಲೆಲ್ಲ ಹುಳುಕು ಹಿಡಿದು ಹೋಗ್ತಿದೆ." ಐವತ್ತರ ಆಸುಪಾಸಿನ ಹೆಂಗಸರಿಂದ ಈ ಮಾತನ್ನು ಕೇಳದವರು ಕಡಿಮೆ. ಹೆರಿಗೆಗೊಂದು ಹಲ್ಲು ಹೋಗುತ್ತದೆ ಎಂಬ ಹಳೆಯ ನಂಬಿಕೆಯ ಮುಂದಿನ ಭಾಗ ಇದು. ಹೊಟ್ಟೆಯಲ್ಲಿರುವ ಮಗು ತಾಯಿಯ ಹಲ್ಲಿನ ಸುಣ್ಣವನ್ನು ಹೀರಿಕೊಂಡಿತು, ಮುಟ್ಟು ನಿಂತ ಮೇಲೆ ಉಳಿದದ್ದೂ ಕರಗಿತು ಎಂಬ ಲೆಕ್ಕ. ಹೀಗೆ ನಂಬಿದವರು ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಮಾತ್ರೆ ತಂದು ನುಂಗುತ್ತಾರೆ, ಹಲ್ಲಿನ ಡಾಕ್ಟರ ಹತ್ತಿರ ಮಾತ್ರ ಹೋಗುವುದಿಲ್ಲ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಹಲ್ಲು ಉಳಿಸುವ ಸಮಯ ದಾಟಿರುತ್ತದೆ.

ಈ ನಂಬಿಕೆಯಲ್ಲಿ ಅರ್ಧ ನಿಜವಿದೆ. ಮುಟ್ಟು ನಿಂತ ಮೇಲೆ ಮೂಳೆಯಿಂದ ಕ್ಯಾಲ್ಸಿಯಂ ಹೊರಟುಹೋಗುತ್ತದೆ. ಆದರೆ ಹಲ್ಲಿನಿಂದ ದೇಹ ಕ್ಯಾಲ್ಸಿಯಂ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಅಂಥ ದಾರಿಯೇ ಇಲ್ಲ. ಹಲ್ಲು ಹುಳುಕಾಗುವುದು ಬೇರೆ ಕಾರಣಕ್ಕೆ, ಮೂಳೆ ಟೊಳ್ಳಾಗುವುದು ಬೇರೆ ಕಾರಣಕ್ಕೆ. ಎರಡೂ ಒಂದೇ ವಯಸ್ಸಿನಲ್ಲಿ ಜೋರಾಗುವುದರಿಂದ ಒಂದೇ ಕಾಯಿಲೆಯಂತೆ ಕಾಣುತ್ತವೆ. ಇವೆರಡೂ ನಿಜವಾಗಿ ಸಂಧಿಸುವ ಜಾಗ ದವಡೆ.

ಮೊದಲು ಮೂಳೆಯ ವಿಷಯ. ಮೂಳೆ ಸದಾ ದುರಸ್ತಿ ನಡೆಯುತ್ತಲೇ ಇರುವ ಮನೆಯ ಹಾಗೆ. ಹಳೆಯ ಮೂಳೆಯನ್ನು ಕರಗಿಸಿ ತೆಗೆಯುವ ಜೀವಕೋಶಗಳು ಒಂದು ಕಡೆ, ಅಲ್ಲಿ ಹೊಸದನ್ನು ಕಟ್ಟುವ ಜೀವಕೋಶಗಳು ಇನ್ನೊಂದು ಕಡೆ. ಕರಗಿಸುವವು ಆಸ್ಟಿಯೋಕ್ಲಾಸ್ಟ್, ಕಟ್ಟುವವು ಆಸ್ಟಿಯೋಬ್ಲಾಸ್ಟ್. ಕರಗಿಸುವ ಕೋಶಗಳಿಗೆ ಕಡಿವಾಣ ಹಾಕಿರುವುದು ಅಂಡಾಶಯದಿಂದ ಬರುವ ಈಸ್ಟ್ರೋಜನ್. ಮುಟ್ಟು ನಿಲ್ಲುತ್ತಿದ್ದಂತೆ ಈಸ್ಟ್ರೋಜನ್ ಇಳಿಯುತ್ತದೆ, ಕಡಿವಾಣ ಸಡಿಲವಾಗುತ್ತದೆ. ಕಟ್ಟುವ ಕೆಲಸ ನಿಲ್ಲುವುದಿಲ್ಲ, ಆದರೆ ಕರಗಿಸುವ ವೇಗಕ್ಕೆ ಅದು ಸಾಟಿಯಾಗುವುದಿಲ್ಲ. ಮೊದಲ ಐದಾರು ವರ್ಷಗಳಲ್ಲಿ ಈ ನಷ್ಟ ಅತಿ ಹೆಚ್ಚು. ಬೆನ್ನುಮೂಳೆಯಲ್ಲಿ ವರ್ಷಕ್ಕೆ ಶೇ 2ರಿಂದ 3ರಷ್ಟು ಸಾಂದ್ರತೆ ಹೋಗುವುದು ಸಾಮಾನ್ಯ. ಆಮೇಲೆ ವೇಗ ತಗ್ಗುತ್ತದೆ, ನಿಲ್ಲುವುದಿಲ್ಲ.

ಮುಟ್ಟು ನಿಲ್ಲುವುದಕ್ಕೂ ಮೂಳೆ ಟೊಳ್ಳಾಗುವುದಕ್ಕೂ ಇರುವ ಈ ನಂಟನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವರು ಅಮೆರಿಕದ ಬಾಸ್ಟನ್‌ನ ವೈದ್ಯ ಫುಲ್ಲರ್ ಆಲ್ಬ್ರೈಟ್. 1941ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 65 ವರ್ಷದೊಳಗಿನ 42 ರೋಗಿಗಳಿದ್ದರು, ಅವರಲ್ಲಿ 40 ಮಂದಿ ಮುಟ್ಟು ನಿಂತ ಹೆಂಗಸರು. ಅಲ್ಲಿಯವರೆಗೆ ಬೆನ್ನು ಬಾಗುವುದನ್ನು ಬರೀ ಮುಪ್ಪಿನ ಲಕ್ಷಣ ಎಂದುಕೊಂಡಿದ್ದರು. ನಮ್ಮಲ್ಲಿ ಈಗಲೂ ಹಾಗೇ ಅಂದುಕೊಳ್ಳುತ್ತೇವೆ.

ಭಾರತದ ಹೆಂಗಸರ ಮಟ್ಟಿಗೆ ಇದು ಇನ್ನೂ ಗಂಭೀರ. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 51, ನಮ್ಮಲ್ಲಿ 46–47. ಅಂದರೆ ಈಸ್ಟ್ರೋಜನ್ನಿನ ಕಾವಲು ನಾಲ್ಕೈದು ವರ್ಷ ಮೊದಲೇ ತಪ್ಪುತ್ತದೆ. ಇದರ ಜೊತೆಗೆ ಗರ್ಭಕೋಶದ ಆಪರೇಷನ್. ಹಳ್ಳಿಗಳಲ್ಲಿ ಮೂವತ್ತೈದು, ನಲವತ್ತಕ್ಕೇ "ಗರ್ಭಕೋಶ ತೆಗೆಸಿದ್ದೀನಿ" ಎನ್ನುವವರು ಎಷ್ಟೋ ಜನ. ಅದರ ಜೊತೆ ಅಂಡಾಶಯಗಳನ್ನೂ ತೆಗೆದಿದ್ದಾರೋ ಇಲ್ಲವೋ ಎಂಬುದು ಹಲವರಿಗೆ ಗೊತ್ತೇ ಇರುವುದಿಲ್ಲ. ಅಂಡಾಶಯವನ್ನೂ ತೆಗೆದಿದ್ದರೆ ಋತುಬಂಧ ಮೆಲ್ಲಗೆ ಬರುವುದಿಲ್ಲ, ಆಪರೇಷನ್ ದಿನವೇ ಬರುತ್ತದೆ, ಮೂಳೆಯ ನಷ್ಟವೂ ಅಂದಿನಿಂದಲೇ ಶುರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ಸಂಗತಿ ಬರೆದಿರುತ್ತದೆ. ಆ ಕಾಗದ ಮನೆಯಲ್ಲಿದ್ದರೆ ಹುಡುಕಿ ತೆಗೆದು, ಓದಬಲ್ಲವರಿಂದ ಓದಿಸಿಕೊಳ್ಳುವುದು ಒಳ್ಳೆಯದು.

ಮೂಳೆ ಸವೆಯುವಾಗ ನೋವಾಗುವುದಿಲ್ಲ. ಬಚ್ಚಲಲ್ಲಿ ಜಾರಿ ಕೈಯೂರಿದಾಗ ಮಣಿಕಟ್ಟು ಮುರಿಯುತ್ತದೆ, ಆಗಲೇ ಗೊತ್ತಾಗುವುದು. ಅದಕ್ಕೂ ಮೊದಲು ತಿಳಿಯಬೇಕೆಂದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಇದೆ. ಅದರ ಅಂಕಿಯನ್ನು ಟಿ-ಸ್ಕೋರ್ ಎನ್ನುತ್ತಾರೆ, ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿದರೆ ನಮ್ಮದು ಎಷ್ಟು ಕಡಿಮೆ ಎಂದು ಅದು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿದ ಅಳತೆಯಂತೆ ಮೈನಸ್ 1ರವರೆಗೆ ಸಹಜ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾದ ಕಾಯಿಲೆ. ಕರ್ನಾಟಕದಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕು. ಪಾವಗಡ, ಬಾಗೇಪಲ್ಲಿ, ಮುಂಡರಗಿ, ಕೊಪ್ಪಳ, ರಾಯಚೂರು ಕಡೆಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವ ಊರುಗಳಿವೆ. ಆ ನೀರನ್ನು ದಶಕಗಟ್ಟಲೆ ಕುಡಿದವರ ಮೂಳೆ ಸ್ಕ್ಯಾನಿನಲ್ಲಿ ದಟ್ಟವಾಗಿಯೇ ಕಾಣಬಹುದು, ಆದರೆ ಆ ದಟ್ಟಣೆಗೆ ತಕ್ಕ ಗಟ್ಟಿತನ ಇರುವುದಿಲ್ಲ. ಆ ಸೀಮೆಯವರು ವೈದ್ಯರಿಗೆ ತಮ್ಮ ಊರು, ಕುಡಿಯುವ ನೀರಿನ ಮೂಲ ಎರಡನ್ನೂ ತಪ್ಪದೆ ಹೇಳಬೇಕು.

ಇನ್ನು ಹಲ್ಲು. ಹಲ್ಲಿನ ಹೊರಕವಚ ಎನಾಮೆಲ್. ಇದರ ತೂಕದ ಶೇ 96ರಷ್ಟು ಖನಿಜವೇ. ಮೈಯಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಆದರೆ ಅದರಲ್ಲಿ ಜೀವಕೋಶವಿಲ್ಲ, ರಕ್ತನಾಳವಿಲ್ಲ. ಎನಾಮೆಲ್ ಕಟ್ಟಿದ ಕೋಶಗಳು ಹಲ್ಲು ಹುಟ್ಟುವಾಗಲೇ ಕೆಲಸ ಮುಗಿಸಿ ಉದುರಿಹೋಗುತ್ತವೆ. ಮೂಳೆಯಲ್ಲಿ ನಡೆಯುವಂಥ ಕರಗಿಸಿ ಕಟ್ಟುವ ಕೆಲಸ ಇಲ್ಲಿ ನಡೆಯುವುದೇ ಇಲ್ಲ. ಆದ್ದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಮೂಳೆಗೆ ಕೈ ಹಾಕುತ್ತದೆಯೇ ಹೊರತು ಹಲ್ಲಿಗಲ್ಲ. ಇದೇ ಕಾರಣಕ್ಕೆ, ದೊಡ್ಡವರು ನುಂಗಿದ ಕ್ಯಾಲ್ಸಿಯಂ ಮಾತ್ರೆ ಹುಳುಕು ಹಿಡಿದ ಹಲ್ಲಿಗೆ ತಲುಪುವುದೂ ಇಲ್ಲ.

ಹುಳುಕು ಶುರುವಾಗುವುದು ಹೊರಗಿನಿಂದ. ಹಲ್ಲಿನ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯಾ ನಾವು ತಿಂದ ಸಕ್ಕರೆ, ಹಿಟ್ಟುಗಳನ್ನು ತಿಂದು ಆಮ್ಲ ಬಿಡುತ್ತವೆ. ಹುಳಿಯ ಅಳತೆ ಪಿಎಚ್, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅಲ್ಲಿನ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹೀಗಾಗುತ್ತದೆ. ಮತ್ತೆ ಸಹಜ ಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಾಗೆ ತರುವುದು ಜೊಲ್ಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಸುರಿಯುವ ಜೊಲ್ಲು ಆಮ್ಲವನ್ನು ತೊಳೆಯುತ್ತದೆ, ತನ್ನಲ್ಲಿರುವ ಬೈಕಾರ್ಬನೇಟಿನಿಂದ ಅದರ ಹುಳಿಯನ್ನು ಮುರಿಯುತ್ತದೆ, ಕರಗಿದ ಜಾಗಕ್ಕೆ ಕ್ಯಾಲ್ಸಿಯಂ, ಫಾಸ್ಫೇಟ್ ಮರಳಿಸುತ್ತದೆ. ಹಲ್ಲಿಗೆ ಕ್ಯಾಲ್ಸಿಯಂ ಬರುವ ದಾರಿ ಇದು, ಹೊಟ್ಟೆಯದ್ದಲ್ಲ.

ಮುಟ್ಟು ನಿಂತ ಮೇಲೆ ಕೈಕೊಡುವುದು ಈ ಜೊಲ್ಲೇ. ಬಾಯಿಯ ಒಳಪದರದಲ್ಲೂ ಜೊಲ್ಲಿನ ಗ್ರಂಥಿಗಳಲ್ಲೂ ಈಸ್ಟ್ರೋಜನ್‌ಗೆ ಸ್ಪಂದಿಸುವ ಗ್ರಾಹಕಗಳಿವೆ. ಹಾರ್ಮೋನು ಇಳಿದಾಗ ಅನೇಕರಿಗೆ ಬಾಯಿ ಒಣಗುತ್ತದೆ. ಕೆಲವರಿಗೆ ನಾಲಿಗೆ ಉರಿಯುತ್ತದೆ, ಖಾರ ತಾಗಿದರೆ ಸಹಿಸಲಾಗುವುದಿಲ್ಲ. ಪರೀಕ್ಷೆ ಮಾಡಿದರೆ ಬಾಯಲ್ಲಿ ಹುಣ್ಣೇನೂ ಇರುವುದಿಲ್ಲ. ಮನೆಯವರು ಇದನ್ನು ಭ್ರಮೆ ಎಂದು ತಳ್ಳಿಹಾಕುವುದುಂಟು. ಅದು ಭ್ರಮೆಯಲ್ಲ, ವೈದ್ಯಕೀಯದಲ್ಲಿ ಹೆಸರಿರುವ ತೊಂದರೆ, ಹೆಚ್ಚಾಗಿ ಬರುವುದೂ ಈ ವಯಸ್ಸಿನ ಹೆಂಗಸರಿಗೇ.

ಹಾರ್ಮೋನಿಗಿಂತಲೂ ಹೆಚ್ಚಾಗಿ ಬಾಯಿ ಒಣಗಿಸುವುದು ಈ ವಯಸ್ಸಿನಲ್ಲಿ ಶುರುವಾಗುವ ಔಷಧಗಳು. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ, ಅಲರ್ಜಿಯ ಮಾತ್ರೆ, ಖಿನ್ನತೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್‌ನಂಥವು, ಹೀಗೆ ಪಟ್ಟಿ ಉದ್ದವಿದೆ. ಇವನ್ನು ತಾವಾಗಿಯೇ ಬಿಡಬಾರದು. "ಡಾಕ್ಟ್ರೇ, ಇದರಿಂದ ಬಾಯಿ ಒಣಗ್ತಿದೆ, ಬದಲಿ ಇದೆಯಾ?" ಎಂದು ಕೇಳಬಹುದು, ಕೇಳಲೇಬೇಕು. ಬಾಯಿಯ ಜೊತೆ ಕಣ್ಣೂ ಮರಳು ಬಿದ್ದಂತೆ ಒಣಗುತ್ತಿದ್ದರೆ ಜೋಗ್ರೆನ್ಸ್ ಎಂಬ ಕಾಯಿಲೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಅದು ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಬಾಯಿ ಒಣಗಿತೆಂದು ಪೆಪ್ಪರಮೆಂಟೋ ಕೆಮ್ಮಿನ ಚೀಪುಮಾತ್ರೆಯೋ ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸ ಬಹಳ ಜನರಿಗಿದೆ. ಇದು ಹಲ್ಲಿಗೆ ನೇರ ಹಾನಿ. ತೊಳೆಯುವ ಜೊಲ್ಲಿಲ್ಲದ ಬಾಯಲ್ಲಿ ಸಕ್ಕರೆ ಗಂಟೆಗಟ್ಟಲೆ ಕೂರುತ್ತದೆ. ಸಕ್ಕರೆ ಹಾಕಿದ ಕಾಫಿ, ಚಹಾ ದಿನಕ್ಕೆ ಐದಾರು ಬಾರಿ, ಪ್ರತಿ ಸಲವೂ ಒಂದು ಬಿಸ್ಕತ್ತು ಎಂದಾದರೆ ಹಲ್ಲು ದಿನಕ್ಕೆ ಹಲವು ಗಂಟೆ ಆಮ್ಲದಲ್ಲೇ ಇರುತ್ತದೆ. ಹಲ್ಲಿನ ಮಟ್ಟಿಗೆ ಎಷ್ಟು ಸಕ್ಕರೆ ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದೇ ಮುಖ್ಯ. ಊಟದ ಜೊತೆ ಒಂದು ಹೋಳಿಗೆ ತಿಂದರೆ ಆಗುವ ಹಾನಿ, ಮಧ್ಯಾಹ್ನವೆಲ್ಲ ಒಂದೊಂದೇ ಪೆಪ್ಪರಮೆಂಟು ಚೀಪಿದರೆ ಆಗುವುದಕ್ಕಿಂತ ಕಡಿಮೆ.

ಈ ವಯಸ್ಸಿನ ಹುಳುಕು ಕೂರುವ ಜಾಗವೂ ಬೇರೆ. ಮಕ್ಕಳಿಗೆ ಅಗಿಯುವ ಮೇಲ್ಮೈಯಲ್ಲಿ ಕಪ್ಪು ಗುಳಿ ಬೀಳುತ್ತದೆ. ಐವತ್ತು ದಾಟಿದವರಿಗೆ ವಸಡಿನ ಅಂಚಿನಲ್ಲಿ, ಹಲ್ಲಿನ ಕತ್ತಿನ ಸುತ್ತ ಹಿಡಿಯುತ್ತದೆ. ವಸಡು ಹಿಂದೆ ಸರಿದಾಗ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಎನಾಮೆಲಿನ ರಕ್ಷಣೆ ಇಲ್ಲ. ಎನಾಮೆಲ್ ಕರಗಲು ಪಿಎಚ್ 5.5 ಆಗಬೇಕಾದರೆ, ಬೇರು 6ರ ಮೇಲಿರುವಾಗಲೇ ಕರಗತೊಡಗುತ್ತದೆ. ಅಂದರೆ ಎನಾಮೆಲಿಗೆ ಏನೂ ಮಾಡದಂಥ ಸೌಮ್ಯ ಹುಳಿಯೂ ಬೇರಿಗೆ ಸಾಕು. ಮೊದಮೊದಲು ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ ಅಷ್ಟೆ. ಎಷ್ಟೋ ಸಲ ಅದೂ ಇರುವುದಿಲ್ಲ. ಕಂದು ಬಣ್ಣದ ಮೆತ್ತನೆಯ ಪಟ್ಟಿಯೊಂದು ಹಲ್ಲನ್ನು ಬಳಸಿ ಹರಡುತ್ತದೆ. ಒಂದು ದಿನ ರೊಟ್ಟಿ ಕಚ್ಚುವಾಗ ಹಲ್ಲು ವಸಡಿನ ಮಟ್ಟಕ್ಕೆ ಮುರಿದು ಕೈಗೆ ಬರುತ್ತದೆ. "ಮೂಳೆ ಸವೆದಿದೆ, ಅದಕ್ಕೇ ಹಲ್ಲು ಮುರೀತು" ಎಂದು ಆಗ ಅನ್ನಿಸುವುದು ಸಹಜ. ನಿಜವಾದ ಕಾರಣ ಆ ಕಂದು ಪಟ್ಟಿ. ಅದನ್ನು ಆರು ತಿಂಗಳಿಗೊಮ್ಮೆ ನೋಡಿಸಿಕೊಂಡಿದ್ದರೆ ಒಂದು ಸಣ್ಣ ಫಿಲ್ಲಿಂಗಿನಲ್ಲಿ ಮುಗಿಯುತ್ತಿತ್ತು, ಅಥವಾ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರಾವಣ ಹಚ್ಚಿ ತಡೆಯಬಹುದಿತ್ತು. ಅದು ಹುಳುಕಿನ ಜಾಗವನ್ನು ಕಪ್ಪಾಗಿಸುತ್ತದೆ, ಆದರೆ ಹುಳುಕನ್ನು ಅಲ್ಲಿಗೇ ನಿಲ್ಲಿಸುತ್ತದೆ. ಕೊರೆಯುವುದು ಬೇಡ, ಅರಿವಳಿಕೆ ಬೇಡ. ವಯಸ್ಸಾದವರಿಗೆ ಇದು ದೊಡ್ಡ ವರ.

ವಸಡು ಸರಿಯುವುದಕ್ಕೆ ಕಾರಣ ಹಲವು. ಗಟ್ಟಿ ಬ್ರಷ್ಷಿನಿಂದ ತಿಕ್ಕುವುದು, ಇದ್ದಿಲು ಪುಡಿ, ಇಟ್ಟಿಗೆ ಪುಡಿಯಲ್ಲಿ ಉಜ್ಜುವುದು, ಎಲ್ಲಕ್ಕಿಂತ ಮಿಗಿಲಾಗಿ ಕಡ್ಡಿಪುಡಿ. ಎಲೆಅಡಿಕೆಗೆ ಹಚ್ಚುವ ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದೆ, ಆದ್ದರಿಂದ ವಯಸ್ಸಾದ ಹೆಂಗಸರು ಹಾಕಿಕೊಂಡರೆ ಒಳ್ಳೆಯದು ಎಂಬ ಮಾತನ್ನು ತಿಳಿದವರೂ ಆಡುತ್ತಾರೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ. ಅದರ ಜೊತೆ ಬರುವ ಅಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. ಕಡ್ಡಿಪುಡಿ ಎಂದರೆ ತಂಬಾಕು, ಅದು ವಸಡನ್ನೂ ಅದರ ಕೆಳಗಿನ ಮೂಳೆಯನ್ನೂ ಹಾಳುಮಾಡುತ್ತದೆ. ಇಷ್ಟು ನಷ್ಟ ಕಟ್ಟಿಕೊಂಡು ಪಡೆಯಬೇಕಾದ ಕ್ಯಾಲ್ಸಿಯಂ ಅಲ್ಲ ಅದು. ಅಮ್ಮ, ಅಜ್ಜಿಯರ ಮನಸ್ಸು ನೋಯಿಸದೆ ಇದನ್ನು ಹೇಳುವುದು ಕಷ್ಟ ಎಂದು ಗೊತ್ತು. ಆದರೂ ಹೇಳಬೇಕು.

ಈಗ ದವಡೆಗೆ ಬರೋಣ. ಹಲ್ಲಿನ ಬೇರುಗಳು ಕೂತಿರುವ ಮೂಳೆ ಹಲ್ಲಿನಂತಲ್ಲ, ಉಳಿದ ಮೂಳೆಗಳಂತೆಯೇ ಜೀವಂತ. ಕರಗಿಸಿ ಕಟ್ಟುವ ಕೆಲಸ ಮೈಯ ಎಷ್ಟೋ ಮೂಳೆಗಳಿಗಿಂತ ಇಲ್ಲಿ ಚುರುಕು. ವಸಡಿನ ಕೆಳಗೆ ಕೊಳೆ ಸೇರಿ ಕೀವಾದಾಗ ಈ ಮೂಳೆ ಇಳಿಯುತ್ತದೆ, ಹಲ್ಲು ಅಲ್ಲಾಡುತ್ತದೆ. ಆಸ್ಟಿಯೋಪೊರೋಸಿಸ್ ಇದ್ದವರಲ್ಲಿ ಈ ಇಳಿತ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ, ಕೆಲವು ಅಷ್ಟು ಖಚಿತವಾಗಿ ಹೇಳುವುದಿಲ್ಲ. ನನ್ನ ತಿಳಿವಳಿಕೆಯಲ್ಲಿ ಸರಿಯಾದ ನೋಟ ಇದು: ಮೂಳೆ ಟೊಳ್ಳಾದ ಮಾತ್ರಕ್ಕೆ ಶುಚಿಯಾಗಿರುವ ಬಾಯಿಯ ಹಲ್ಲು ಉದುರುವುದಿಲ್ಲ. ಆದರೆ ವಸಡಿನ ರೋಗ ಆಗಲೇ ಇದ್ದರೆ, ಟೊಳ್ಳಾದ ಮೂಳೆ ಅದರ ಮುಂದೆ ಬೇಗ ಸೋಲುತ್ತದೆ. ಸಕ್ಕರೆ ಕಾಯಿಲೆಯೂ ಸೇರಿದರೆ ಇನ್ನೂ ಬೇಗ. ಹಲ್ಲುಜ್ಜುವಾಗ ರಕ್ತ ಬರುವುದನ್ನು "ಉಷ್ಣ" ಎಂದು ಸುಮ್ಮನಾಗಬಾರದು.

ಹಲ್ಲು ಹೋದ ಮೇಲೂ ದವಡೆ ಸವೆಯುತ್ತಲೇ ಇರುತ್ತದೆ. ಬೇರಿನ ಮೂಲಕ ಅಗಿಯುವ ಒತ್ತಡ ಬೀಳದ ಮೂಳೆಯನ್ನು ದೇಹ ಉಳಿಸಿಕೊಳ್ಳುವುದಿಲ್ಲ. ಕೃತಕ ಹಲ್ಲಿನ ಪೂರ್ತಿ ಸೆಟ್ಟು ಹಾಕಿಸಿಕೊಂಡವರನ್ನು 25 ವರ್ಷ ಅನುಸರಿಸಿ ದಂತ ಸಂಶೋಧಕಿ ಆಂಟ್ಯೆ ಟಾಲ್ಗ್ರೆನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಳದವಡೆಯ ಸವೆತ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಕಂಡಿತ್ತು. ಕೆಳಗಿನ ಸೆಟ್ಟು ಕೆಲವೇ ವರ್ಷದಲ್ಲಿ ಸಡಿಲಾಗಿ ಕುಣಿಯುವುದು ಇದರಿಂದಲೇ. ಸೆಟ್ಟು ಮಾಡಿದವರ ತಪ್ಪೇ ಇರಬೇಕೆಂದಿಲ್ಲ, ಕೆಳಗಿನ ನೆಲವೇ ಇಳಿದಿರುತ್ತದೆ. ಸೆಟ್ಟು ನೋಯಿಸಿದಾಗ ಹೆಂಗಸರು ಸೊಪ್ಪು, ಕಾಳು, ಶೇಂಗಾ ಬಿಟ್ಟು ಗಂಜಿ, ಬ್ರೆಡ್ಡು, ಚಹಾದಲ್ಲಿ ಅದ್ದಿದ ಬಿಸ್ಕತ್ತಿಗೆ ಇಳಿಯುತ್ತಾರೆ. ಮೂಳೆಗೆ ಬೇಕಾದ ಪ್ರೋಟೀನು, ಕ್ಯಾಲ್ಸಿಯಂ ತಟ್ಟೆಯಿಂದ ಹೋಗುತ್ತದೆ. ಹಲ್ಲು ಹೋದದ್ದು ಮೂಳೆಗೂ ಪೆಟ್ಟಾಗುವುದು ಹೀಗೆ.

ಹಲ್ಲಿನ ಕ್ಲಿನಿಕ್ಕಿನಲ್ಲಿ ತೆಗೆಯುವ, ಇಡೀ ದವಡೆ ಕಾಣುವ ಓಪಿಜಿ ಎಕ್ಸ್‌ರೇಯಲ್ಲಿ ಕೆಳದವಡೆಯ ಅಂಚಿನ ಗಟ್ಟಿ ಮೂಳೆಯ ದಪ್ಪ ಕಾಣುತ್ತದೆ. ಅದು 3 ಮಿಲಿಮೀಟರಿಗಿಂತ ತೆಳ್ಳಗಿದ್ದರೆ, ಅಥವಾ ಅಂಚು ತಿಂದುಹೋದಂತೆ ಕಂಡರೆ, ಮೂಳೆ ಪರೀಕ್ಷೆಗೆ ಕಳಿಸುವುದು ಒಳ್ಳೆಯದೆಂದು ಯುರೋಪಿನಲ್ಲಿ ನಡೆದ ಸಂಶೋಧನೆ ತೋರಿಸಿದೆ. ಹಲ್ಲಿಗೆಂದು ತೆಗೆಸಿದ ಎಕ್ಸ್‌ರೇಯಿಂದಲೇ ಈ ಸುಳಿವು ಸಿಗುವುದಾದರೆ ಅದನ್ನು ಬಿಡುವುದೇಕೆ? "ನನ್ನ ದವಡೆ ಮೂಳೆ ಹೇಗಿದೆ?" ಎಂದು ಒಂದು ಮಾತು ಕೇಳಿದರೆ ಸಾಕು.

ಊಟದ ವಿಷಯ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ ಇದೆ. ಜೋಳದಲ್ಲಿ 30ರ ಒಳಗೆ, ಬಿಳಿ ಅಕ್ಕಿಯಲ್ಲಿ 10ರ ಒಳಗೆ. ಹಳೇ ಮೈಸೂರಿನ ಮುದ್ದೆ ಉಣ್ಣುವ ಮನೆಗೂ ಅನ್ನ, ರೊಟ್ಟಿಯ ಮನೆಗೂ ಇಲ್ಲಿ ದೊಡ್ಡ ಅಂತರವಿದೆ. ಉತ್ತರ ಕರ್ನಾಟಕದ ಊಟ ಅದನ್ನು ಬೇರೆ ರೀತಿಯಲ್ಲಿ ತುಂಬಿಕೊಳ್ಳಬಲ್ಲದು: ಎಳ್ಳಿನಲ್ಲಿ 100 ಗ್ರಾಂಗೆ 1,000 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ದಿನವೂ ಒಂದೆರಡು ಚಮಚ ಎಳ್ಳಿನ ಚಟ್ನಿಪುಡಿ, ಜೊತೆಗೆ ಮೊಸರು ಇದ್ದರೆ ಲೆಕ್ಕ ಮೇಲೇರುತ್ತದೆ. ನುಗ್ಗೆಸೊಪ್ಪು ಎಲ್ಲರಿಗೂ ಸಿಗುವಂಥದ್ದು, 100 ಗ್ರಾಂಗೆ 300 ದಾಟುತ್ತದೆ. ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಅದರಲ್ಲಿರುವ ಫೈಟೇಟ್ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ ಆ ತಡೆ ತಗ್ಗುತ್ತದೆ. ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಒಂದು ಹೊತ್ತಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಬೇಡ, ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ. ವಿಟಮಿನ್ ಡಿ ಇಲ್ಲದೆ ಇದ್ಯಾವುದೂ ಸರಿಯಾಗಿ ಹೀರಿಕೆಯಾಗುವುದಿಲ್ಲ, ನಮ್ಮಲ್ಲಿ ಬಿಸಿಲಿಗೆ ಬರವಿಲ್ಲದಿದ್ದರೂ ಅದರ ಕೊರತೆ ವ್ಯಾಪಕ.

ಹಲ್ಲಿಗೆ ಬೇಕಾದದ್ದು ಬೇರೆ. ಫ್ಲೋರೈಡ್ ಇರುವ ಪೇಸ್ಟು, ಮೆತ್ತನೆಯ ಬ್ರಷ್ಷು, ರಾತ್ರಿ ಮಲಗುವ ಮುನ್ನ ತಪ್ಪದೆ. ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತೇ ಹೋಗುವುದರಿಂದ ರಾತ್ರಿಯ ಉಜ್ಜುವಿಕೆ ಬೆಳಗಿನದಕ್ಕಿಂತ ಮುಖ್ಯ. ಉಜ್ಜಿದ ಮೇಲೆ ನೊರೆ ಉಗಿದರೆ ಸಾಕು, ನಾಲ್ಕಾರು ಸಲ ಮುಕ್ಕಳಿಸಿದರೆ ಫ್ಲೋರೈಡೂ ಹೋಗುತ್ತದೆ. ಫ್ಲೋರೈಡ್ ನೀರಿನ ಊರಿನವರೂ ಈ ಪೇಸ್ಟಿಗೆ ಹೆದರಬೇಕಿಲ್ಲ. ದೊಡ್ಡವರು ಅದನ್ನು ನುಂಗುವುದಿಲ್ಲ, ಅಪಾಯ ಇರುವುದು ಕುಡಿಯುವ ನೀರಿನಲ್ಲಿ.

ಕೊನೆಗೆ, ಮೂಳೆಯ ಔಷಧ ಮತ್ತು ಹಲ್ಲು ಕೀಳಿಸುವ ವಿಷಯ. ಹೆಚ್ಚು ಭಯ, ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ಮೂಳೆ ಸವೆತಕ್ಕೆ ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೊಲೆಡ್ರೋನಿಕ್ ಆಸಿಡ್ ಡ್ರಿಪ್, ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಚುಚ್ಚುಮದ್ದು ಕೊಡುತ್ತಾರೆ. ಇವೆಲ್ಲ ಕರಗಿಸುವ ಕೋಶಗಳನ್ನು ತಡೆಯುತ್ತವೆ, ಮೂಳೆಮುರಿತವನ್ನು ನಿಜಕ್ಕೂ ಕಡಿಮೆ ಮಾಡುತ್ತವೆ. ಆದರೆ ಹಲ್ಲು ಕಿತ್ತ ಗುಳಿ ಮಾಯಬೇಕಾದರೆ ಅದೇ ಕರಗಿಸಿ ಕಟ್ಟುವ ಕೆಲಸ ನಡೆಯಬೇಕು. ಅದು ನಿಧಾನವಾದಾಗ, ಅಪರೂಪಕ್ಕೆ, ಗುಳಿ ಮುಚ್ಚದೆ ದವಡೆಯ ಮೂಳೆ ತೆರೆದುಕೊಂಡು ಸಾಯುತ್ತದೆ. ಎಂಟು ವಾರ ಕಳೆದರೂ ಮೂಳೆ ಕಾಣುತ್ತಿದ್ದರೆ ಅದನ್ನು ಈ ತೊಡಕು ಎಂದು ಪರಿಗಣಿಸುತ್ತಾರೆ. 2003ರಲ್ಲಿ ಮಯಾಮಿಯ ದವಡೆ ಶಸ್ತ್ರಚಿಕಿತ್ಸಕ ರಾಬರ್ಟ್ ಮಾರ್ಕ್ಸ್ ಇದರ ಬಗ್ಗೆ ಮೊದಲು ಎಚ್ಚರಿಸಿದರು. ಅವರು ಕಂಡವರಲ್ಲಿ ಹೆಚ್ಚಿನವರು ಕ್ಯಾನ್ಸರ್ ರೋಗಿಗಳು, ಅವರಿಗೆ ಕೊಡುವ ಪ್ರಮಾಣ ಬಹಳ ಹೆಚ್ಚು. ಬರೀ ಮೂಳೆ ಸವೆತಕ್ಕೆ ಬಿಸ್‌ಫಾಸ್ಫೋನೇಟ್ (ಅಲೆಂಡ್ರೋನೇಟ್, ಜೊಲೆಡ್ರೋನಿಕ್ ಆಸಿಡ್ ಇರುವ ಔಷಧದ ಗುಂಪು) ತೆಗೆದುಕೊಳ್ಳುವವರಲ್ಲಿ ಇದು 10,000ಕ್ಕೆ ಎರಡರಿಂದ ಐದು ಮಂದಿಗೆ ಬರುವಂಥದ್ದು ಎಂದು ಅಮೆರಿಕದ ದವಡೆ ಶಸ್ತ್ರಚಿಕಿತ್ಸಕರ ಸಂಘದ 2022ರ ವರದಿ ಹೇಳುತ್ತದೆ. ಡೆನೊಸುಮ್ಯಾಬ್‌ನಲ್ಲಿ ಸ್ವಲ್ಪ ಹೆಚ್ಚು. ಈ ಭಯಕ್ಕೆ ಔಷಧವನ್ನೇ ಬಿಟ್ಟರೆ ಸೊಂಟದ ಮೂಳೆ ಮುರಿಯುವ ಸಾಧ್ಯತೆ ಅದಕ್ಕಿಂತ ಎಷ್ಟೋ ದೊಡ್ಡದು.

ಆದ್ದರಿಂದ ಔಷಧ ಶುರು ಮಾಡುವ ಮೊದಲೇ ಬಾಯಿ ತೋರಿಸಿಕೊಳ್ಳಬೇಕು. ಉಳಿಯದ ಹಲ್ಲಿದ್ದರೆ ಆಗಲೇ ಕೀಳಿಸಿ, ಗಾಯ ಮಾಯಲು ಬಿಡಬೇಕು. ಔಷಧ ಆಗಲೇ ನಡೆಯುತ್ತಿದ್ದರೆ ಕೀಳುವ ಬದಲು ರೂಟ್ ಕೆನಾಲ್ ಮಾಡಿ ಬೇರು ಉಳಿಸಲಾಗುತ್ತದೆಯೇ ಎಂದು ಕೇಳಬೇಕು. ಹಲ್ಲಿನ ಡಾಕ್ಟರು "ಯಾವ ಮಾತ್ರೆ ತಗೋತೀರಿ?" ಎಂದಾಗ ಹೆಚ್ಚಿನವರು ಬಿಪಿ, ಶುಗರ್ ಮಾತ್ರೆ ಹೇಳುತ್ತಾರೆ. ಆರು ತಿಂಗಳ ಹಿಂದೆ ತೆಗೆದುಕೊಂಡ ಒಂದು ಇಂಜೆಕ್ಷನ್ ನೆನಪಿಗೆ ಬರುವುದಿಲ್ಲ. ಅದನ್ನು ಹೇಳಲೇಬೇಕು, ದಿನಾಂಕದ ಸಮೇತ. ಅಲೆಂಡ್ರೋನೇಟ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ನಾಲ್ಕು ದಿನ ಮಾತ್ರೆ ನಿಲ್ಲಿಸಿ ಹಲ್ಲು ಕೀಳಿಸುವುದರಲ್ಲಿ ಅರ್ಥವಿಲ್ಲ. ಡೆನೊಸುಮ್ಯಾಬ್ ಹಾಗಲ್ಲ, ಅದರ ಪ್ರಭಾವ ಆರು ತಿಂಗಳಿಗೆ ಇಳಿದುಹೋಗುತ್ತದೆ. ಮುಂದಿನ ಡೋಸು ಬಹಳ ತಡವಾದರೆ ತಡೆದಿಟ್ಟ ಸವೆತ ಒಮ್ಮೆಲೇ ನುಗ್ಗಿ ಬೆನ್ನುಮೂಳೆಗಳು ಒಂದರ ಮೇಲೊಂದು ಕುಸಿಯಬಹುದು. ಹಲ್ಲು ಕೀಳಿಸಬೇಕೆಂದು ಆ ಇಂಜೆಕ್ಷನ್ನನ್ನು ತಾವಾಗಿಯೇ ಮುಂದೂಡಬಾರದು. ಕೀಳುವ ದಿನವನ್ನು ಎರಡು ಡೋಸುಗಳ ನಡುವೆ ಎಲ್ಲಿ ಹೊಂದಿಸಬೇಕೆಂದು ಹಲ್ಲಿನ ವೈದ್ಯರೂ ಮೂಳೆಯ ವೈದ್ಯರೂ ಪರಸ್ಪರ ಮಾತಾಡಿ ತೀರ್ಮಾನಿಸಬೇಕು. ಅವರಾಗಿಯೇ ಮಾತಾಡದಿದ್ದರೆ ಒಬ್ಬರ ಚೀಟಿಯನ್ನು ಇನ್ನೊಬ್ಬರ ಮೇಜಿನ ಮೇಲಿಡಿ.